ಎಂಟು ಗುರಿ, ಒಂದು ಕಾಲು

ನಮ್ಮ ಮನೆಯವರಿಗೆ ಹುಬ್ಬಳ್ಳಿಯ ಡಾಕ್ಟರು ಒಪ್ಪಿಸಿದ್ದು ಒಂದೇ ಕೆಲಸ. ಕಾಲು ಉಳಿಸಿಕೊಳ್ಳುವುದು. ಸಕ್ಕರೆ ಕಾಯಿಲೆ ಹಳೆಯದಾಗಿ ಅವರ ಎರಡೂ ಪಾದಗಳು ಮರಗಟ್ಟಿದ್ದವು. ಕೆಂಡ ತುಳಿದರೂ ಗೊತ್ತಾಗುವುದಿಲ್ಲ ಎನ್ನುವ ಸ್ಥಿತಿಗೆ ಬಂದಿತ್ತು.

"ಯಜಮಾನ್ರ, ಸಿಹಿ ಬಿಡ್ರಿ. ಬರಿಗಾಲಲೆ ಅಡ್ಡಾಡಬ್ಯಾಡ್ರಿ. ಸಣ್ಣ ಗಾಯ ಆದ್ರೂ ಓಡಿ ಬರ್ರಿ. ಇಲ್ಲಾಂದ್ರ ಇವತ್ತ ಬೆರಳು, ನಾಳೆ ಪಾದ, ಹಿಂಗ ಮ್ಯಾಲೆ ಏರ್ಕೋತ ಹೊಕ್ಕೈತಿ," ಎಂದು ಡಾಕ್ಟರು ತಮ್ಮ ಮೊಣಕಾಲಿನವರೆಗೆ ಕೈ ಸರಿಸಿ ತೋರಿಸಿದರು.

ಇವರು ಗಂಭೀರವಾಗಿ ತಲೆಯಾಡಿಸಿದರು. ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಕರಿ ಚಪ್ಪಲಿಗಳನ್ನು ಕೊಂಡೆವು. ಹುಬ್ಬಳ್ಳಿ ದಾಟುವುದರೊಳಗೆ "ಇದ ಕಡೇದ್ದು" ಎಂದು ಒಂದು ಪೇಡೆ ತಿಂದರು. ಆ ಕಡೆಯ ಪೇಡೆಯ ನಂತರ ಎಷ್ಟು ಕಡೆಯ ಪೇಡೆಗಳು ಬಂದು ಹೋದವೋ ದೇವರಿಗೇ ಗೊತ್ತು.

ಅಣ್ಣಿಗೇರಿಯಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ. ನಾನು ಸರಕಾರಿ ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ನಾನು ಸಿಟ್ಟಿನ ಹೆಂಗಸು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಒಂದು ವರ್ಷ ನಾನು ಪಟ್ಟ ಸಿಟ್ಟು ನನ್ನ ಸ್ವಭಾವದ್ದಲ್ಲ, ಪೂರ್ತಿ ನಮ್ಮ ಮನೆಯವರ ಸಂಪಾದನೆ.

ಬೀಜದ ಕಂಪನಿಯವರು ವರ್ಷಕ್ಕೊಮ್ಮೆ ಅಂಗಡಿಯವರನ್ನೆಲ್ಲ ದೊಡ್ಡ ಹೋಟೆಲಿಗೆ ಕರೆಸಿ ತರಬೇತಿ ಕೊಡುತ್ತಾರೆ. ಹೊಸ ಹತ್ತಿ ಬೀಜದ ಗುಣಗಾನ, ಭರ್ಜರಿ ಊಟ, ಬರುವಾಗ ಕೈಗೊಂದು ಬ್ಯಾಗು. ಆ ಸಲ ಬೀಜದ ಮಾತು ಮುಗಿದ ಮೇಲೆ ಕೋಟು ತೊಟ್ಟ ಒಬ್ಬ ಭಾಷಣಕಾರ ವೇದಿಕೆ ಹತ್ತಿದನಂತೆ. ಬೋರ್ಡಿನ ಮೇಲೆ ಒಂದು ಚಕ್ರ ಬರೆದು ಎಂಟು ಪಾಲು ಮಾಡಿದನಂತೆ. ಆರೋಗ್ಯ, ಕುಟುಂಬ, ವ್ಯಾಪಾರ, ಸಂಪತ್ತು, ಸ್ನೇಹ, ಕಲಿಕೆ, ಅಧ್ಯಾತ್ಮ, ಮನರಂಜನೆ. ಪ್ರತಿ ಪಾಲಿಗೂ ಒಂದು ಗುರಿ ಇಟ್ಟುಕೊಳ್ಳಿ, ಹತ್ತಕ್ಕೆ ಎಷ್ಟು ಎಂದು ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ, ಒಂದು ಪಾಲು ಉಬ್ಬಿ ಇನ್ನೊಂದು ಕುಗ್ಗಿದರೆ ಬದುಕಿನ ಬಂಡಿ ಕುಲುಕುತ್ತದೆ ಎಂದು ಹೇಳಿದನಂತೆ. ಎಲ್ಲರೂ ಚಪ್ಪಾಳೆ ಹೊಡೆದು ಊಟಕ್ಕೆ ಎದ್ದರು. ಉಳಿದ ಅಂಗಡಿಯವರು ಚಕ್ರವನ್ನು ಹೋಟೆಲಿನಲ್ಲೇ ಬಿಟ್ಟು ಬ್ಯಾಗು ಹಿಡಿದುಕೊಂಡು ಊರಿಗೆ ಬಂದರು. ನಮ್ಮವರು ಬ್ಯಾಗು ಮರೆತು ಚಕ್ರ ಹೊತ್ತುಕೊಂಡು ಬಂದರು.

"ನೋಡ, ಡಾಕ್ಟರು ನನಗ ತಪ್ಪ ಹೇಳ್ಯಾರ," ಎಂದರು ಬಂದವರೇ, ಅಂಗಿ ಕೂಡ ಕಳೆಯದೆ. "ಬರೇ ಆರೋಗ್ಯ, ಆರೋಗ್ಯ ಅಂತಾರ. ಅದು ಎಂಟರಾಗ ಒಂದ ಪಾಲು. ಅದೊಂದನ್ನ ಹಿಡಕೊಂಡ ಕುಂತ್ರ ಉಳದ ಏಳರ ಗತಿ ಏನು? ಆ ಮನಶಾಗ ಸಮತೋಲನ ಅನ್ನೂದ ಗೊತ್ತಿಲ್ಲ."

"ಆ ಮನಶಾ ಹತ್ತ ವರ್ಷ ಓದಿ ಡಾಕ್ಟರ ಆಗ್ಯಾರ್ರಿ."

"ಅದ ಮತ್ತ! ಅಷ್ಟ ವರ್ಷ ಒಂದನ್ನ ಓದ್ಯಾರ!"

ಇಂಥ ಮಾತಿಗೆ ಉತ್ತರ ಕೊಡುವ ವಿದ್ಯೆಯನ್ನು ಟೀಚರ್ ಟ್ರೇನಿಂಗಿನಲ್ಲಿ ಕಲಿಸುವುದಿಲ್ಲ.

ಮುಂದಿನ ವಾರ ಅಂಗಡಿಯ ಬೋರ್ಡು ಬರೆಯುವ ಪೇಂಟರನ್ನು ಕರೆಸಿ ಪಡಸಾಲೆಯ ಗೋಡೆಯ ಮೇಲೆ ಚಕ್ರ ಬರೆಸಿದರು. ಅಂಗಡಿಯಲ್ಲಿ ಉಳಿದಿದ್ದ ಹಸಿರು ಬಣ್ಣವನ್ನೇ ಬಳಸಿದ್ದರಿಂದ ಅದು ಥೇಟ್ ಕ್ರಿಮಿನಾಶಕದ ಜಾಹೀರಾತಿನಂತೆ ಕಾಣುತ್ತಿತ್ತು. ಕಣ್ಣು ಸರಿಯಾಗಿ ಕಾಣದ ನಮ್ಮ ಅತ್ತೆ ಯಾವುದೋ ಮಠದಿಂದ ಬಂದ ಯಂತ್ರವೆಂದು ತಿಳಿದು ಮರುದಿನ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ, ಮೇಲೊಂದು ದಾಸವಾಳ ಸಿಕ್ಕಿಸಿ ಕೈಮುಗಿದರು. ನಾನು ತಿದ್ದಲು ಹೋದೆ. ಇವರು ಕಣ್ಸನ್ನೆ ಮಾಡಿ ತಡೆದರು. ಮನೆಯಲ್ಲಿ ಪೂಜೆ ನಡೆದರೆ ಅಧ್ಯಾತ್ಮದ ಪಾಲಿಗೆ ಒಳ್ಳೆಯದಂತೆ. ಪೂಜೆ ತಮ್ಮ ಚಕ್ರಕ್ಕೇ ನಡೆದರೂ ನಡೆದೀತಂತೆ.

ಪ್ರತಿ ಭಾನುವಾರ ಚಹಾ ಕುಡಿದಾದ ಮೇಲೆ ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಲ್ಲುತ್ತಿದ್ದರು. ಸೀಮೆಸುಣ್ಣ ನಮ್ಮ ಶಾಲೆಯದು. ನಾನು ದಿನವೂ ಮಕ್ಕಳ ಪೇಪರು ತಿದ್ದಿ ಬದುಕುವವಳು. ತನ್ನ ಪೇಪರು ತಾನೇ ಬರೆದು, ತಾನೇ ತಿದ್ದಿ, ತಾನೇ ಪಾಸಾಗುವ ವಿದ್ಯಾರ್ಥಿಯನ್ನು ಮೊದಲ ಬಾರಿಗೆ ನೋಡಿದೆ. ಕಲಿಕೆಯ ಗುರಿಗೆಂದು ಮೊಬೈಲಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದರು. ಗೊಬ್ಬರಕ್ಕೆ ಬಂದ ರೈತರಿಗೆ ಗುಡ್ ಮಾರ್ನಿಂಗ್ ಹೇಳಿ ಗಾಬರಿ ಹುಟ್ಟಿಸಿದರು. ಬೆಲೆ ಏರಿದೆಯೋ ಏನೋ ಎಂದು ಅವರು ಮುಖ ಮುಖ ನೋಡಿಕೊಂಡರಂತೆ. ಮನರಂಜನೆಯ ಪಾಲಿಗೆ ದಿನಕ್ಕೊಂದು ಸಲ ಬಾಯಿಬಿಟ್ಟು ನಗಬೇಕೆಂದು ಗುರಿಯಿತ್ತು. ಸಂಜೆ ಕೈಕಾಲು ತೊಳೆದು ಬಂದು, ಯಾವ ಕಾರಣವೂ ಇಲ್ಲದೆ ಪಡಸಾಲೆಯಲ್ಲಿ ನಿಂತು ಜೋರಾಗಿ ನಗುತ್ತಿದ್ದರು. ಅತ್ತೆ ಹೆದರಿ ಒಂದೆರಡು ಸಲ ದೃಷ್ಟಿ ತೆಗೆದರು.

ಕುಟುಂಬದ ಗುರಿ ನನ್ನ ಪಾಲಿಗೆ ಬಂತು. ದಿನಕ್ಕೊಮ್ಮೆ ಹೆಂಡತಿಯನ್ನು ಹೊಗಳಬೇಕು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ "ಹೂಂ" ಎನ್ನುವುದಕ್ಕಿಂತ ದೊಡ್ಡ ಪ್ರಶಸ್ತಿ ಕೊಡದವರು ಈಗ ತಾಟಿನ ಮುಂದೆ ಕೂತು, "ರೊಟ್ಟಿ ಅಗದಿ ಛಲೋ ಆಗ್ಯಾವ ನೋಡ," ಎನ್ನತೊಡಗಿದರು. ಎಂದವರೇ ಗೋಡೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಆ ದಿನಗಳಲ್ಲಿ ರೊಟ್ಟಿಗಳನ್ನು ಬೇಕಂತಲೇ ಒಂದಿಷ್ಟು ಕರಕಲು ಮಾಡಿ ಹಾಕಿದ್ದೂ ಉಂಟು. ಅವುಗಳೂ ಅಗದಿ ಛಲೋ ಆಗಿದ್ದವು.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಸಿಹಿಯ ಲೆಕ್ಕ. ನಾನು ಮನೆಯಲ್ಲಿ ಸಕ್ಕರೆ, ಬೆಲ್ಲ ಎರಡನ್ನೂ ಬೀಗದ ಕಪಾಟಿಗೆ ಸೇರಿಸಿದ್ದೆ. ನನ್ನ ಕೈಯಿಂದ ಅವರಿಗೆ ಸಿಹಿ ಸಿಗುತ್ತಿರಲಿಲ್ಲ. ಹೀಗಾಗಿ ಆರೋಗ್ಯದ ಪಾಲಿನಲ್ಲಿ ಅಂಕಗಳು ಸದಾ ಎಂಟರ ಮೇಲೆ. ಆದರೆ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಎದುರಿಗೆ ಕೂರಿಸಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಕಂಪನಿಯ ಸೇಲ್ಸ್‌ಮನ್ನರು ಬಂದಾಗ ಕುಡಿಯುವ ಸಕ್ಕರೆ ಚಹಾ ವ್ಯಾಪಾರದ ಪಾಲಿಗೆ. ಗೆಳೆಯನ ಮಗಳು ಪಾಸಾದದ್ದಕ್ಕೆ ತಿಂದ ಪೇಡೆ ಸ್ನೇಹದ ಪಾಲಿಗೆ. ಸೋಮವಾರ ಗುಡಿಯಲ್ಲಿ ಕೊಡುವ ಗೋಧಿ ಹುಗ್ಗಿ ಅಧ್ಯಾತ್ಮಕ್ಕೆ. ನಾಗರ ಪಂಚಮಿಗೆ ಶಲವಡಿಯ ತಂಗಿಯ ಮನೆಗೆ ಹೋಗಿ ತಿಂದು ಬಂದ ಉಂಡಿಗಳು ಕುಟುಂಬಕ್ಕೆ. ಆರೋಗ್ಯದ ಪಾಲಿಗೆ ಬರುವುದು ನನ್ನ ಮನೆಯಲ್ಲಿ, ನನ್ನ ಕಣ್ಣೆದುರು ತಿಂದದ್ದು ಮಾತ್ರ.

"ಏನ್ರಿ, ಉಂಡಿ ಹೊಟ್ಟ್ಯಾಗ ಇಳದ ಮ್ಯಾಲೆ ತಾ ಕುಟುಂಬದ್ದು ಅಂತ ಅದಕ್ಕ ಹೆಂಗ ಗೊತ್ತಾಗಬೇಕ್ರಿ?" ಎಂದು ಕೇಳಿದೆ.

"ತಂಗಿ ಪ್ರೀತಿಲೆ ಕೊಟ್ಟಿದ್ದನ್ನ ಬ್ಯಾಡ ಅಂದ್ರ ಆ ಪಾಲು ಕುಗ್ಗತೈತಿ. ನಿನಗ ಇದು ತಿಳಿಯಂಗಿಲ್ಲ ಬಿಡ."

"ಕಾಲ ಹೋದ್ರ ಯಾವ ಪಾಲು ಕುಗ್ಗತೈತ್ರಿ?"

ಅವರು ಬಹಳ ಸಮಾಧಾನದಿಂದ, ನೀನೂ ನಿನ್ನ ಎಂಟು ಗುರಿ ಹೇಳು, ಇಬ್ಬರೂ ಕೂಡಿ ಸುಧಾರಿಸೋಣ ಎಂದರು. ನನಗಿರುವುದು ಒಂದೇ ಗುರಿ, ನಿಮ್ಮ ಕಾಲು ಉಳಿಸುವುದು ಎಂದೆ. ಅದು ತಮ್ಮ ಆರೋಗ್ಯದ ಪಾಲಿನಲ್ಲಿ ಆಗಲೇ ಬಂದುಬಿಟ್ಟಿದೆ, ಇನ್ನೊಬ್ಬರ ಕಾಲನ್ನು ಗುರಿ ಮಾಡಿಕೊಳ್ಳಲು ಬರುವುದಿಲ್ಲ, ಮೇಲಾಗಿ ನಿನ್ನ ಬದುಕು ಪೂರ್ತಿ ಒಂದೇ ಕಡೆ ವಾಲುತ್ತಿದೆ ಎಂದು ತಿದ್ದಿದರು. ನಾನು ವಾಲುತ್ತಿದ್ದುದು ನಿಜ. ಊಟಕ್ಕೆ ಕೂತರೆ ಅವರ ಕಾಲು, ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಅವರ ಕಾಲು, ಬಸ್ಸಿನಲ್ಲಿ ಕಂಡವರ ಪಾದಗಳನ್ನೆಲ್ಲ ನೋಡುವ ಚಟ ಹತ್ತಿಬಿಟ್ಟಿತ್ತು. ಹೆದರಿಕೆ ಎನ್ನುವುದು ಚಕ್ರದ ಯಾವ ಪಾಲಿಗೆ ಬರುತ್ತದೆಂದು ಆ ಕೋಟಿನವನು ಹೇಳಿರಲಿಲ್ಲ.

ಪಂಚಮಿ ಕಳೆದರೂ ಶ್ರಾವಣ ಇನ್ನೂ ಉಳಿದಿತ್ತು. ನಮ್ಮ ಮನೆದೇವರ ಗುಡಿಗೆ ಶ್ರಾವಣದಲ್ಲಿ ಬರಿಗಾಲಿನಲ್ಲಿ ನಡೆದು ಹೋಗುವುದು ಈ ಭಾಗದ ಹಳೆಯ ಪದ್ಧತಿ. ಎರಡು ಮೂರು ದಿನದ ದಾರಿ. ಹೋಗುವಾಗ ಕಾಲ್ನಡಿಗೆ, ಬರುವಾಗ ಟೆಂಪೋ. ಚಿಕ್ಕಂದಿನಿಂದ ಒಮ್ಮೆಯೂ ಹೋಗದ ಮನುಷ್ಯ ಆ ವರ್ಷ ಹೊರಟು ನಿಂತರು. ಒಂದು ಭಾನುವಾರ ಗೋಡೆಯ ಮುಂದೆ ನಿಂತಿದ್ದಾಗ ಹೊಳೆಯಿತಂತೆ.

"ನಡದ್ರ ಆರೋಗ್ಯ. ಬರಿಗಾಲಲೆ ನಡದ್ರ ಅಧ್ಯಾತ್ಮ. ಗೆಳ್ಯಾರ ಕೂಡ ನಡದ್ರ ಸ್ನೇಹ. ದಾರ್‍ಯಾಗ ರೈತರು ಭೇಟಿ ಆದ್ರ ವ್ಯಾಪಾರ," ಎಂದು ಬೆರಳು ಮಡಚಿ ಎಣಿಸುತ್ತ ಬಂದರು. ಮುಖದ ಮೇಲೆ ಹೊಸ ತಳಿ ಕಂಡುಹಿಡಿದವರ ಕಳೆಯಿತ್ತು.

ನಾನು ಆ ದಿನ ಕೂಗಾಡಿದ್ದು ಓಣಿಗೆಲ್ಲ ಕೇಳಿಸಿರಬೇಕು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬೇಕಾದರೆ ನಡೆಯಿರಿ, ಚಪ್ಪಲಿ ಹಾಕಿಕೊಂಡು ನಡೆಯಿರಿ ಎಂದು ಅಂಗಲಾಚಿದೆ. ಅತ್ತೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು.

"ದೇವರ ಕಡೆ ಹೊಂಟಾಂವಗ ಚಪ್ಪಲ ಹಾಕ್ಕೊ ಅಂತಿಯಲ್ಲ ಯವ್ವಾ, ನಿನ ಬಾಯಿಗೆ ಏನ ಹೇಳ್ಲಿ! ಅಂವಾ ಕಾಯ್ತಾನ ಬಿಡ."

ಕಾಯುವವನು ಡಾಕ್ಟರ ಚೀಟಿಯನ್ನೂ ಒಮ್ಮೆ ಓದಿಕೊಂಡಿದ್ದರೆ ಒಳ್ಳೆಯದಿತ್ತು. ನಾನು ಕರಿ ಚಪ್ಪಲಿಗಳನ್ನು ಅವರ ಚೀಲದ ತಳಕ್ಕೆ ಪಂಚೆಯಲ್ಲಿ ಸುತ್ತಿ ಇಟ್ಟೆ. ಊರು ದಾಟಿದ ಮೇಲಾದರೂ ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ ಎಂದು ಬಾಗಿಲಲ್ಲಿ ಮೆಲ್ಲಗೆ ಹೇಳಿದೆ. "ಹೂಂ, ನೋಡೂಣು," ಎಂದು ನಕ್ಕು ಹೋದರು.

ದಾರಿಯುದ್ದಕ್ಕೂ ಮೊಬೈಲಿನಲ್ಲಿ ಫೋಟೊ ಹಾಕುತ್ತಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ, ಹಿಂದೆ ಹೆಸರುಕಾಳಿನ ಹೊಲ. ಊರೂರಿಗೆ ಜನ ಚಪ್ಪರ ಹಾಕಿ ನಡೆಯುವವರಿಗೆ ಚಹಾ, ಬೆಲ್ಲದ ಸಜ್ಜಕ, ಬಾಳೆಹಣ್ಣು ಹಂಚುತ್ತಿದ್ದರು. ನಮ್ಮವರು ಎಲ್ಲ ಚಪ್ಪರಗಳಿಗೂ ಸಮನಾಗಿ ನ್ಯಾಯ ಒದಗಿಸಿದ್ದು ಫೋಟೊಗಳಲ್ಲಿ ಕಾಣುತ್ತಿತ್ತು. ನನಗೆ ಬೇಕಾಗಿದ್ದು ಮುಖವಲ್ಲ. ಬೆರಳುಗಳಿಂದ ಹಿಗ್ಗಿಸಿ ಹಿಗ್ಗಿಸಿ ಪಾದ ಹುಡುಕಿದೆ. ಎಲ್ಲ ಫೋಟೊಗಳೂ ಸೊಂಟಕ್ಕೆ ಮುಗಿದಿದ್ದವು. ಫೋನು ಮಾಡಿ ಕಾಲು ಹೇಗಿದೆ ಎಂದು ಕೇಳಿದರೆ, "ಏನೂ ನೋವಿಲ್ಲ, ಅಗದಿ ಹಗುರ ಆಗೇತಿ," ಎಂದರು. ನೋವಿಲ್ಲ ಎನ್ನುವುದೇ ಕಾಯಿಲೆ ಎಂದು ಆ ಗದ್ದಲದಲ್ಲಿ ಕೂಗಿ ಹೇಳಿದೆ. ಅಲ್ಲಿ ಭಜನೆ ಜೋರಾಗಿ ನಡೆದಿತ್ತು.

ಮರಳಿ ಬಂದ ದಿನ ಮನೆಯ ಮುಂದೆ ಓಣಿಯ ಹೆಂಗಸರು ನೆರೆದಿದ್ದರು. ನಡೆದು ಬಂದವರ ಪಾದಕ್ಕೆ ನೀರು ಹಾಕಿ, ಪಾದ ಮುಟ್ಟಿ ನಮಸ್ಕರಿಸುವುದು ರೂಢಿ. ಅತ್ತೆ ಬಾಗಿಲಲ್ಲಿ ತಂಬಿಗೆ ಹಿಡಿದು ಮಗನ ಕಾಲಿಗೆ ನೀರು ಸುರಿದರು. ನಾನು ಜನರ ನಡುವೆ ತೂರಿಕೊಂಡು ಮುಂದೆ ಬರಬೇಕೆನ್ನುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಸೆರಗು ಹೊದ್ದು ಬಾಗಿ ಎರಡೂ ಕೈಗಳಿಂದ ಪಾದ ಹಿಡಿದರು. ಹಿಡಿದವರೇ "ಹಾಯ್!" ಎಂದು ಕೈ ಕೊಡವಿದರು. ಅವರ ಬೆರಳ ತುದಿಯಲ್ಲಿ ರಕ್ತದ ಹನಿ ಮೂಡಿತ್ತು.

"ಅಣ್ಣಾರ, ನಿಮ್ಮ ಕಾಲಾಗ ಏನೋ ಮುಳ್ಳ ಮುರದೈತ್ರಿ! ನನಗ ಚುಚ್ಚಿತು!"

"ಎಲ್ಲೈತ್ರಿ?" ಎಂದು ನಮ್ಮವರು ಕಾಲು ಎತ್ತಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ ಜಾಲಿಮುಳ್ಳು ಹೊಕ್ಕು, ಅರ್ಧ ಮುರಿದು, ಮೋಟು ಹೊರಗೆ ಉಳಿದಿತ್ತು. ಸುತ್ತಲ ಚರ್ಮ ಕಪ್ಪಿಟ್ಟಿತ್ತು. ಅದನ್ನು ತುಳಿದುಕೊಂಡೇ ಎಷ್ಟು ದೂರ ನಡೆದರೋ ಅವರಿಗೂ ಗೊತ್ತಿಲ್ಲ. ನನಗೆ ಡಾಕ್ಟರು ಮೊಣಕಾಲಿನವರೆಗೆ ಸರಿಸಿ ತೋರಿಸಿದ ಕೈ ನೆನಪಾಯಿತು. ಆದರೆ ನೆರೆದವರ ನಡುವೆ ಎದ್ದದ್ದು ಬೇರೆಯದೇ ಸದ್ದು.

"ಇಷ್ಟ ದೊಡ್ಡ ಮುಳ್ಳ ಹೊಕ್ಕರೂ ನೋವ ಆಗಿಲ್ಲಂದ್ರ!"

"ದೇವರ ನಡಿಸ್ಯಾನ್ರಿ. ಅವನ ಶಕ್ತಿ ಅದು."

ಅದುವರೆಗೆ ದೂರ ನಿಂತವರೂ ಮುಂದೆ ಬಂದು ನಮಸ್ಕಾರಕ್ಕೆ ಸಾಲು ಹಚ್ಚಿದರು. ಅತ್ತೆಯ ಕಣ್ಣಲ್ಲಿ ನೀರು. ನಮ್ಮ ಮನೆಯವರು, ಡಾಕ್ಟರ ಬಾಯಿಂದ ಎಲ್ಲ ಕೇಳಿದ ಮನುಷ್ಯ, ಕೀವು ತುಂಬಿದ ಆ ಪಾದವನ್ನು ಜನರ ಮುಂದೆ ಚಾಚಿ, ಅರ್ಧ ಕಣ್ಣು ಮುಚ್ಚಿ ನಿಂತುಬಿಟ್ಟರು. ಅಷ್ಟು ಹೊತ್ತಿಗೆ ಅವರಿಗೂ ನಂಬಿಕೆ ಬಂದಿತ್ತು ಎಂದು ಕಾಣುತ್ತದೆ. ಮರಗಟ್ಟಿದ ಕಾಲಿಗೆ ಇಷ್ಟು ಮರ್ಯಾದೆ ಸಿಗುವುದಾದರೆ ಯಾರು ತಾನೆ ಅದನ್ನು ಕಾಯಿಲೆ ಎಂದುಕೊಳ್ಳುತ್ತಾರೆ?

ನಾನು ಎಲ್ಲರನ್ನೂ ಬೈದು ಹೊರಗೆ ಹಾಕಿದೆ. ಯಾರನ್ನು ಏನೆಂದೆನೋ ನೆನಪಿಲ್ಲ. ಚುಚ್ಚಿಸಿಕೊಂಡ ಅಕ್ಕ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದರು ಎಂಬುದರಿಂದ ಅಂದಾಜು ಮಾಡಬಹುದು. ಚೀಲ ಬಿಚ್ಚಿ ನೋಡಿದೆ. ಚಪ್ಪಲಿಗಳು ನಾನು ಸುತ್ತಿಟ್ಟ ಪಂಚೆಯಲ್ಲಿ ಹಾಗೆಯೇ ಮಲಗಿದ್ದವು. ಅವುಗಳನ್ನೇ ಅವರ ಕಾಲಿಗೆ ಸಿಕ್ಕಿಸಿ, ಅವರು ಬಂದಿಳಿದ ಟೆಂಪೋಕ್ಕೇ ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕಾಲು ನೋಡಿ, ಕೈಗವಸು ಕಳಚಿ, ನನ್ನ ಮುಖ ನೋಡಿದರು. ಹೆಬ್ಬೆರಳು ಹೋಯಿತು. ಪಾದ ಉಳಿಯುತ್ತದೋ ಇಲ್ಲವೋ ಎಂದು ಎಷ್ಟೋ ದಿನ ಹೇಳಲಾಗಲಿಲ್ಲ, ಕೊನೆಗೆ ಉಳಿಯಿತು. ಪಟ್ಟಿ ಕಟ್ಟಿದ ಕಾಲು ಚಾಚಿ ಮಲಗಿದ್ದವರನ್ನು ನೋಡಲು ಅತ್ತೆ ಬಂದು ಗೊಳೋ ಎಂದು ಅತ್ತಾಗ ಇವರು ಸಮಾಧಾನ ಹೇಳಿದರು.

"ಅಳಬ್ಯಾಡಬೇ ಯವ್ವಾ. ಹತ್ತರಾಗ ಒಂಬತ್ತ ಅದಾವಲ್ಲ."

ನಾನು ಎದ್ದು ಹೊರಗೆ ಹೋದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊದಲು ನಕ್ಕೆ, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಹತ್ತಕ್ಕೆ ಒಂಬತ್ತು ಎಂದು ಮಕ್ಕಳಿಗೆ ಎಷ್ಟು ಸಂತೋಷದಿಂದ ಬರೆದುಕೊಟ್ಟಿದ್ದೆ ನಾನು.

ಈಗ ಸಂಜೆ ಶಾಲೆಯಿಂದ ಬಂದ ಮೇಲೆ ನನಗೊಂದು ಕೆಲಸವಿದೆ. ಅವರು ಮಂಚದ ಮೇಲೆ ಒರಗಿ ಕೂಡುತ್ತಾರೆ. ನಾನು ಕೆಳಗೆ ಕೂತು ಅವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಒರೆಸಿ, ಬೆರಳ ಸಂದು, ಹಿಮ್ಮಡಿ, ಅಂಗಾಲು ಎಲ್ಲ ಬೆಳಕಿಗೆ ಹಿಡಿದು ನೋಡುತ್ತೇನೆ. ಬಾಗಿಲ ಮುಂದೆ ಹಾದುಹೋಗುವ ಹೆಂಗಸರು ನಿಂತು ನೋಡಿ, ಈ ಕಾಲದಲ್ಲೂ ಗಂಡನ ಪಾದಸೇವೆ ಮಾಡುವವಳಿದ್ದಾಳೆ ಎಂದು ತಮ್ಮ ಸೊಸೆಯರಿಗೆ ಹೇಳುತ್ತಾರಂತೆ. ಅತ್ತೆಗೆ ಹೆಮ್ಮೆ. ಸೊಸೆಯರ ಶಾಪವೆಲ್ಲ ನನಗೆ.

ಮೊನ್ನೆ ಹೀಗೆಯೇ ಕೂತಿದ್ದೆ. ಅವರಿಗೆ ಫೋನು ಬಂತು. ಮುಂದಿನ ತರಬೇತಿಯಲ್ಲಿ ಹೊಸ ಅಂಗಡಿಯವರ ಮುಂದೆ ಅನುಭವ ಹೇಳಲು ಕಂಪನಿಯವರು ಇವರನ್ನೇ ಕರೆದಿದ್ದಾರೆ. ಇವರು ದಿಂಬಿಗೆ ಒರಗಿ, ಹುರುಪಿನಿಂದ ಶುರು ಮಾಡಿದರು.

"ಯಾವ ಪಾಲೂ ಬಿಡಬಾರದ್ರಿ. ನನಗ ಬೆರಳ ತಗದ್ರು ನೋಡ್ರಿ, ಆದ್ರ ಉಳದ ಪಾಲು ಗಟ್ಟಿ ಇದ್ದೂವು, ಹಿಂಗಾಗಿ ತಡಕೊಂಡೆ. ಹೌದ್ರಿ, ಮನ್ಯಾಗ ಎಲ್ಲಾರೂ ಅಗದಿ ಆನಂದ ಇದ್ದೇವ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ತೊಡೆಯ ಮೇಲಿದ್ದ ಅಂಗಾಲಿಗೆ ಹೆಬ್ಬೆರಳಿನ ಉಗುರು ಊರಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಕೂಗಲಿ, ಕಾಲು ಎಳೆದುಕೊಳ್ಳಲಿ, ಫೋನು ಬಿಟ್ಟು ನನ್ನ ಕಡೆ ನೋಡಲಿ ಎಂದು ಹಲ್ಲು ಕಚ್ಚಿ ಒತ್ತಿದೆ. ಅವರು ಆ ಕಡೆಯವರ ಯಾವುದೋ ಮಾತಿಗೆ ಬಾಯಿಬಿಟ್ಟು ನಗುತ್ತಿದ್ದರು. ಈ ಸಲ ನಿಜವಾಗಿಯೂ ನಗು ಬಂದಿತ್ತು. ಪಾದ ನನ್ನ ಕೈಯಲ್ಲಿ ಅಲುಗಾಡದೆ ಇತ್ತು.

ಕೈ ತೆಗೆದೆ. ಉಗುರಿನ ಗುರುತು ಕೆಂಪಗೆ ಮೂಡಿತ್ತು, ಗಾಯವಾಗಿರಲಿಲ್ಲ. ಎಲ್ಲಿ ಆಗಿಬಿಟ್ಟಿತೋ ಎಂದು ಹೆದರಿ ಮತ್ತೆ ಮತ್ತೆ ಒರೆಸಿ ನೋಡಿದೆ. ನೋವಾಯಿತೆಂದು ಅವರು ಒಂದು ಸಲ ನನ್ನನ್ನು ಬೈದಿದ್ದರೆ ಸಾಕಿತ್ತು.